ಗಾಯ ಮಾಯ್ದ ಮೇಲೆ

ಅಂಗಿಯ ಎಡತೋಳಿನೊಳಗೆ ಕೈ ತೂರಿಸುವ ಮೊದಲು ಗಿರಿಮಲ್ಲಪ್ಪ ಉಸಿರು ಬಿಗಿಹಿಡಿದು ನಿಂತ. ಬಲತೋಳು ಆಗಲೇ ಒಳಗಿತ್ತು. ಅದರ ಚಿಂತೆ ಅವನಿಗಿರಲಿಲ್ಲ. ಎದೆಯ ಎಡಭಾಗದಿಂದ ಹೊರಟು ಕಂಕುಳ ಕೆಳಗೆ ಹಾದು ಬೆನ್ನಿನ ನಡುವಿನವರೆಗೆ ಹೋಗುವ ಅಂಗೈಯಗಲದ ಒಂದು ಪಟ್ಟಿ, ಅಷ್ಟೇ. ಅಲ್ಲಿ ಅರಿವೆ ಸೋಕಿತೆಂದರೆ ಕಾದ ಹಂಚನ್ನು ಅಪ್ಪಿಕೊಂಡಂತಾಗುತ್ತಿತ್ತು. ಅರಿವೆಯ ವ್ಯಾಪಾರದಲ್ಲೇ ತಲೆಗೂದಲು ಬೆಳ್ಳಗಾದವನಿಗೆ ಇದಕ್ಕಿಂತ ದೊಡ್ಡ ಅಣಕ ಬೇರೆ ಇರಲಾರದು ಎಂದು ಅವನಿಗೆ ಎಷ್ಟೋ ಸಲ ಅನಿಸಿತ್ತು. ರಬಕವಿಯ ಪೇಟೆಯಲ್ಲಿ ಕಣ್ಣು ಮುಚ್ಚಿಕೊಂಡು ಸೀರೆಯ ಸೆರಗನ್ನು ಎರಡು ಬೆರಳ ನಡುವೆ ತಿಕ್ಕಿ, ಇದು ಕೈಮಗ್ಗದ್ದು, ಇದು ಪವರ್‌ಲೂಮಿನದು, ಇದರ ಹೊಕ್ಕಿನ ನೂಲಿನಲ್ಲಿ ಪಾಲಿಸ್ಟರ್ ಬೆರೆಸಿದ್ದಾರೆ ಎಂದು ಹೇಳುತ್ತಿದ್ದವ ಅವನು. ಈಗ ಅಂಗಡಿಯ ಗಾದಿಯ ಮೇಲೆ ಅಂಗಿಯ ಒಂದು ತೋಳನ್ನು ಬಿಚ್ಚಿ, ಎಡಗೈಯನ್ನು ಮೈಯಿಂದ ದೂರ ಹಿಡಿದು, ರೆಕ್ಕೆ ಮುರಿದ ಕೋಳಿಯ ಹಾಗೆ ಕೂರುತ್ತಿದ್ದ. ಗಿರಾಕಿ ಹೆಂಗಸರು ಮೊದಮೊದಲು ಮುಖ ತಿರುಗಿಸುತ್ತಿದ್ದರು. ಆಮೇಲೆ ಅಂಗಡಿಯನ್ನೇ ಬದಲಿಸಿದರು. ಬಾಳು ಎಂಬ ಆಳೊಬ್ಬನೇ ಸೀರೆ ಬಿಡಿಸಿ ತೋರಿಸುವುದೂ ಮಡಿಚುವುದೂ ಮಾಡುತ್ತಿದ್ದ.

"ಬಸ್ಸು ತಪ್ಪತೈತ್ರಿ," ಎಂದಳು ಗುರುಬಸವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು. ಹಿಂದಾದರೆ ಅವನ ಅಂಗಿಯ ಕೊರಳಪಟ್ಟಿಯನ್ನು ಸರಿಮಾಡದೆ ಅವಳು ಅವನನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಈಗ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡು ಅಲ್ಲೇ ನಿಂತಿರುತ್ತಿದ್ದಳು. ಅವಳ ಕಾಲ ಬಳಿ ಚೀಲವಿತ್ತು. ಜಮಖಂಡಿಯ ದವಾಖಾನೆಗೆ ಹೋಗಿ ಸಂಜೆಯೊಳಗೆ ತಿರುಗಿ ಬರುವವರಿಗೆ ಅಷ್ಟು ಉಬ್ಬಿದ ಚೀಲ ಯಾಕೆ ಎಂದು ಅವನಿಗನಿಸಿತು. ಚೀಲದ ಬಾಯಿ ನೀಲಿ ಸೀರೆಯ ದಡಿಯೊಂದನ್ನು ಕಚ್ಚಿಕೊಂಡ ಹಾಗೆ ಅರ್ಧ ತೆರೆದಿತ್ತು. ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂಬ ಹೆದರಿಕೆ. ಉಸಿರು ಬಿಗಿಹಿಡಿದು ಎಡಗೈ ತೂರಿಸಿದ. ಕಣ್ಣಲ್ಲಿ ನೀರು ತುಂಬಿತು. ಅವಳು ನೋಡಿದಳು, ನೋಡಿ ಚೀಲ ಎತ್ತಿಕೊಂಡಳು.

ಮೊದಲು ಅದು ಬರೀ ಸರ್ಪಸುತ್ತು. ಹಿಂದಿನ ವರ್ಷ ಚಳಿ ಮುಗಿಯುವ ಹೊತ್ತಿಗೆ ಪಕ್ಕೆಯಲ್ಲಿ ಚುರುಚುರು ಅಂದು, ನೀರ್ಗುಳ್ಳೆಗಳು ಸಾಲಾಗಿ ಎದ್ದವು. ಗಲಗಲಿಯಿಂದ ಅಕ್ಕ ಮುತ್ತವ್ವ ಓಡಿ ಬಂದು, ಕೆಮ್ಮಣ್ಣು ಕಲಸಿ ಗುಳ್ಳೆಗಳ ಸುತ್ತ ಬಳಿದಳು. ಸರ್ಪದ ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಹೆದರಿಸಿದಳು. ಅವು ಕೂಡಲಿಲ್ಲ. ಗುಳ್ಳೆ ಒಡೆದು, ಒಣಗಿ, ಹಕ್ಕಳೆ ಉದುರಿ, ಚರ್ಮ ಮೊದಲಿನ ಹಾಗೆ ನುಣ್ಣಗಾಯಿತು. ಉರಿ ಮಾತ್ರ ಹೋಗಲಿಲ್ಲ. ಊರಿನ ಡಾಕ್ಟರರು ಮುಲಾಮು ಕೊಟ್ಟರು, ಸೂಜಿ ಚುಚ್ಚಿದರು, ಕೊನೆಗೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಇಲ್ಲೇನೂ ಇಲ್ಲಲ್ರಿ ಸಾವಕಾರ್ರ, ಮನಸ್ಸಿಗೆ ಹಚಗೋಬ್ಯಾಡ್ರಿ" ಎಂದರು. ಆ ಮಾತು ಪೇಟೆಯಲ್ಲಿ ಅವನಿಗಿಂತ ಮುಂಚೆ ಹೋಗಿ ಕೂತಿತ್ತು. ಮೈಮ್ಯಾಲ ಒಂದ ಗೆರಿ ಸೈತ ಇಲ್ಲ, ನಾಟಕ ನೋಡ್ರಿ ಎಂದು ಪಕ್ಕದ ಅಂಗಡಿಯವ ಯಾರಿಗೋ ಹೇಳಿದ್ದನ್ನು ಅವನು ಕಿವಿಯಾರೆ ಕೇಳಿದ. ಅಂದು ಮನೆಗೆ ಬಂದು, ಗೋಡೆಗೆ ತೂಗುಹಾಕಿದ್ದ ಕನ್ನಡಿಯಲ್ಲಿ ಪಕ್ಕೆಯನ್ನು ನೋಡಿಕೊಂಡ. ಖರೆ, ಏನೂ ಇರಲಿಲ್ಲ. ಆ ಗುಳ್ಳೆಗಳು ಮತ್ತೊಮ್ಮೆ ಏಳಲಿ ಎಂದು ಒಳಗೊಳಗೇ ಬೇಡಿಕೊಂಡ. ಕೀವು ತುಂಬಲಿ, ನಾರಲಿ. ಜನ ಮೂಗು ಮುಚ್ಚಿಕೊಂಡಾದರೂ ಒಪ್ಪಲಿ. ಆಮೇಲೆ ಹಾಗೆ ಬೇಡಿಕೊಂಡದ್ದಕ್ಕೆ ನಾಚಿಕೆಯಾಗಿ ಅಂಗಿಯನ್ನು ಹೆಗಲಿಗೆಳೆದುಕೊಳ್ಳಲು ಹೋಗಿ ಚೀರಿಬಿಟ್ಟ.

ಬಸ್ಸಿನಲ್ಲಿ ಸಂತೆಗೆ ಹೊರಟ ಜನ ತುಂಬಿದ್ದರು. ಗುರುಬಸವ್ವ ಅವನನ್ನು ಕಿಟಕಿಯ ಕಡೆ ಕೂರಿಸಿ, ಅವನ ಎಡಮೈಗೂ ತನಗೂ ನಡುವೆ ಆ ಉಬ್ಬಿದ ಚೀಲವನ್ನು ನಿಲ್ಲಿಸಿಕೊಂಡು ಕೂತಳು. ಬುಟ್ಟಿ ಹೊತ್ತ ಹೆಂಗಸೊಬ್ಬಳು ಅವಳ ಮೇಲೇ ವಾಲಿದರೂ ಅವಳ ಹೆಗಲು ಅವನ ಕಡೆಗೆ ಒಂದಿಷ್ಟೂ ಸರಿಯಲಿಲ್ಲ. ಈ ಕಾಳಜಿಯಲ್ಲಿ ಪ್ರೀತಿ ಎಷ್ಟು, ದೂರ ಎಷ್ಟು ಎಂದು ಅವನು ಅಳೆಯುತ್ತ ಕೂತ. ಹೊರಗೆ ಕಬ್ಬಿನ ಹೊಲಗಳು ಸರಿಯುತ್ತಿದ್ದವು. ಮಗಳನ್ನು ಮುಧೋಳಕ್ಕೆ ಕೊಟ್ಟ ಮೇಲೆ ಮನೆಯಲ್ಲಿ ಇಬ್ಬರೇ ಉಳಿದಾಗ, ಸೋಮವಾರ ಪೇಟೆ ಸೂಟಿ ಇರುವ ಮಧ್ಯಾಹ್ನಗಳಲ್ಲಿ ಅವಳು ಅವನನ್ನು ಹಿತ್ತಲ ಬಿಸಿಲಲ್ಲಿ ಕೂರಿಸಿ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ಅವಳದು ಬನಹಟ್ಟಿಯ ಮಗ್ಗದ ಮನೆ. ಚಿಕ್ಕಂದಿನಿಂದ ನೂಲು ಸುತ್ತಿ ಸುತ್ತಿ ಬೆರಳ ತುದಿಗಳು ಒರಟಾಗಿದ್ದವು. ಆ ಒರಟು ಬೆರಳುಗಳು ಬೆನ್ನಿನ ಗಂಟುಗಳನ್ನು ಒಂದೊಂದಾಗಿ ಹುಡುಕಿ ಸಡಿಲಿಸುತ್ತಿದ್ದವು. ಆಗ ಅವರು ಮಾತಾಡುತ್ತಿರಲಿಲ್ಲ. ಅವನು ವ್ಯಾಪಾರದ ಚಿಂತೆಯಲ್ಲಿರುತ್ತಿದ್ದ. ಬೇಗ ಮುಗಿಸು ಎಂದು ಗೊಣಗಿದ್ದೂ ಉಂಟು. ಬೇಗ ಮುಗಿಸು ಅಂದೆನಲ್ಲ ಎಂದು ಈಗ ಬಸ್ಸಿನ ಕಿಟಕಿಯ ಸರಳಿಗೆ ಹಣೆ ಕೊಟ್ಟು ಅಂದುಕೊಂಡ. ಬನಹಟ್ಟಿಯಲ್ಲಿ ಬಸ್ಸು ನಿಂತಿತು. ಓಣಿಗಳೊಳಗಿಂದ ಪವರ್‌ಲೂಮುಗಳ ಖಟಖಟ ಸಪ್ಪಳ ಬಂತು. ಗುರುಬಸವ್ವ ತನ್ನ ತವರಿನ ಓಣಿಯ ಕಡೆ ಕತ್ತು ಚಾಚಿ ನೋಡಿದಳು. ಬಸ್ಸು ಹೊರಟ ಮೇಲೂ ನೋಡುತ್ತಲೇ ಇದ್ದಳು.

ಗಲಗಲಿಯಲ್ಲಿ ಮುತ್ತವ್ವನ ಮಗನ ಮದುವೆಯಾದದ್ದು ಹೋದ ಬೇಸಿಗೆಯಲ್ಲಿ. ಸೋದರಮಾವನಾದವ ಬರಿಮೈಯಲ್ಲಿ ನಿಲ್ಲುವ ಹಾಗಿರಲಿಲ್ಲ. ಎಡತೋಳು ಬಿಚ್ಚಿದ ಅಂಗಿಯ ಮೇಲೆ ಶಲ್ಯವನ್ನು ಸಡಿಲವಾಗಿ ಹೊದ್ದು ಅವನು ಚಪ್ಪರದ ಕೆಳಗೆ ಬಂದವರಿಗೆ ಕೈಮುಗಿಯುತ್ತಿದ್ದ. ಹೊಳೆಯ ಕಡೆಯಿಂದ ಗಾಳಿ ಬೀಸಿ ಶಲ್ಯ ಜಾರಿತು. ಹಿಂದೆ ನಿಂತಿದ್ದ ಗುರುಬಸವ್ವ ಅದನ್ನು ಎತ್ತಿ ಅವನ ಹೆಗಲಿಗೇರಿಸಿ, ರೂಢಿಯಂತೆ, ಜಾರದಿರಲಿ ಎಂದು ಅಂಗೈಯಿಂದ ಬೆನ್ನಿಗೆ ಒತ್ತಿದಳು. ಅಷ್ಟೇ. ಅವನ ಕೈ ಅವನನ್ನು ಕೇಳದೆ ಹಿಂದಕ್ಕೆ ಹೋಯಿತು. ಸಪ್ಪಳವನ್ನು ಅವನು ಕೇಳಿದ. ತಿರುಗಿದಾಗ ಅವಳು ಕೆನ್ನೆ ಹಿಡಿದುಕೊಂಡಿದ್ದಳು. ಮುರಿದ ಹಸಿರು ಬಳೆಯ ಚೂರು ಜಮಖಾನದ ಮೇಲೆ ಬಿದ್ದಿತ್ತು. ಬಾಜಾದವರು ಯಾಕೋ ಅದೇ ಗಳಿಗೆಗೆ ನಿಲ್ಲಿಸಿದ್ದರು. ಅಲ್ಲಿಯವರೆಗೆ ಆದದ್ದು ಮೈಯ ಕೆಲಸ ಎನ್ನಬಹುದಿತ್ತು. ಆದರೆ ಬೀಗರು, ಊರವರು ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ತಿಳಿದ ಮೇಲೆ ಅವನು ದೊಡ್ಡ ದನಿಯಲ್ಲಿ, "ಮುಟ್ಟಬ್ಯಾಡಂತ ಹೇಳಿಲ್ಲೇನ ನಿನಗ? ತಿಳಿಯೂದಿಲ್ಲೇನ?" ಎಂದ. ಅದು ಮೈ ಆಡಿದ ಮಾತಲ್ಲ. ಕೈಗಿಂತ ಆ ಮಾತು ಅವನನ್ನು ಹೆಚ್ಚು ಕಾಡುತ್ತಿತ್ತು. ಗುರುಬಸವ್ವ ಬಗ್ಗಿ ಬಳೆಚೂರು ಆರಿಸಿಕೊಂಡು ಹೆಂಗಸರ ಕಡೆ ಹೋದಳು. ಮುತ್ತವ್ವ, "ಸರ್ಪದ ಶಾಪ ಮೈಯಾಗ ಕುಂತೈತಿ, ಅವ ಏನ ಮಾಡ್ಯಾನು" ಎಂದು ತಮ್ಮನ ಪರ ವಹಿಸಿದಳು. ಅಂದಿನಿಂದ ಅವನಿಗೆ ಊಟದ ತಾಟು, ನೀರಿನ ಚರಿಗೆ, ಒಗೆದ ದೋತರ, ಎಲ್ಲವೂ ಕೈಯಳತೆಯ ಆಚೆ ಇಟ್ಟೇ ಸಿಗುತ್ತಿತ್ತು. ಅವಳು ಜಗಳವಾಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

ಜಮಖಂಡಿಯ ಡಾಕ್ಟರ್ ದಶರಥ ಹುನ್ನೂರಿನವ, ಹುಬ್ಬಳ್ಳಿಯಲ್ಲಿ ಕಲಿತು ಈಚೆಗೆ ದವಾಖಾನೆ ಹಾಕಿದವ. ಇನ್ನೂ ಚಿಕ್ಕ ವಯಸ್ಸು. ಅವನು ಪಕ್ಕೆಯನ್ನು ಕೈಯಿಂದ ಮುಟ್ಟಲಿಲ್ಲ. ಹತ್ತಿಯ ಎಳೆಯೊಂದನ್ನು ತೆಗೆದುಕೊಂಡು, "ಸೋಕಸ್ತೇನ್ರಿ, ಎಲ್ಲಿ ಉರಿ ಸುರು ಆಗತೈತಿ ಹೇಳ್ರಿ" ಎಂದ. ಹತ್ತಿಯ ಎಳೆ ಬಂದು ತಾಕಿದಾಗ ಗಿರಿಮಲ್ಲಪ್ಪ ಹಲ್ಲು ಕಚ್ಚಿದ. ಡಾಕ್ಟರ್ ಹತ್ತಿಯನ್ನು ಬದಿಗಿಟ್ಟು ಕುರ್ಚಿ ಎಳೆದುಕೊಂಡು ಎದುರಿಗೆ ಕೂತ.

"ಹುಣ್ಣು ಮಾಯ್ದೈತ್ರಿ. ಚರ್ಮ ಛಲೋ ಐತಿ. ಪೆಟ್ಟಾಗಿರೂದು ಅದರ ಕೆಳಗಿನ ನರಕ್ಕ. ನರ ಅಂದ್ರ ಸುದ್ದಿ ಒಯ್ಯೂದು, ಬೆನ್ನಹುರಿಗೆ, ಅಲ್ಲಿಂದ ಮೆದುಳಿಗೆ. ಆಗ ಖರೇನ ಉರಿ ಇತ್ತು, ಉರಿ ಅಂತ ಸುದ್ದಿ ಕಳಿಸ್ತು. ಕಳಿಸಿ ಕಳಿಸಿ ಈಗ ಅದಕ್ಕ ಬ್ಯಾರೆ ಮಾತ ಬರವೊಲ್ದು. ಅಂಗಿ ಸೋಕಿದ್ರೂ ಉರಿ, ಗಾಳಿ ಬಿಟ್ರೂ ಉರಿ ಅಂತೈತಿ. ಮೆದುಳೂ ನಂಬತೈತಿ. ನಂಬಿ ನಂಬಿ ಅದೂ ಸೂಕ್ಷ್ಮ ಆಗಿಬಿಟ್ಟೈತಿ. ಕಾಯೂದ ಅದರ ಕೆಲಸ ನೋಡ್ರಿ. ಬೆಂಕಿ ಆರಿದ್ದು ಅದಕ್ಕ ಯಾರೂ ಹೇಳಿಲ್ಲ."

"ಹಂಗಾರ ನಂದು ಸುಳ್ಳ ಬ್ಯಾನಿ ಏನ್ರಿ?" ಗಿರಿಮಲ್ಲಪ್ಪನ ದನಿ ಸಣ್ಣಗಾಗಿತ್ತು.

"ಬ್ಯಾನಿ ಖರೇನ ಐತ್ರಿ. ಅಪಾಯ ಇಲ್ಲ. ಅವೆರಡೂ ಒಂದ ಅಲ್ಲ."

ಬ್ಯಾನಿ ಖರೇನ ಐತಿ. ಒಂದು ವರ್ಷದಿಂದ ಈ ಮಾತನ್ನು ಯಾರಾದರೂ ಹೇಳಲಿ ಎಂದು ಅವನು ಕಾದಿದ್ದ. ಕೇಳಿದಾಗ ಏನು ಮಾಡಬೇಕೆಂದು ತಿಳಿಯದೆ ದೋತರದ ಚುಂಗನ್ನು ಬೆರಳಿಗೆ ಸುತ್ತಿಕೊಂಡ. ಗುರುಬಸವ್ವನಿಗೂ ಇದು ಕೇಳಿಸಿತೇ ಎಂದು ಓರೆಗಣ್ಣಿನಿಂದ ನೋಡಿದ. ಗೋಡೆಯ ಬದಿಯ ಬೆಂಚಿನ ಮೇಲೆ ಕೂತಿದ್ದ ಅವಳು ಡಾಕ್ಟರನ ಬಾಯನ್ನೇ ನೋಡುತ್ತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು.

ಗುಳಿಗೆ ಬರೆದುಕೊಟ್ಟು ಡಾಕ್ಟರ್ ಹೇಳಿದ: "ಗುಳಿಗಿ ಅರ್ಧಾ ಕೆಲಸ ಮಾಡತೈತಿ. ಉಳಿದದ್ದು ಕೈಲೆ ಆಗಬೇಕು. ನೀವು ಮುಟ್ಟಿಸಿಕೊಳ್ಳಾಕ ಅಂಜಿ ಆ ಜಾಗಾ ಬಿಟ್ಟಬಿಟ್ಟೀರಿ. ಮುಟ್ಟೂದು ಅಂದ್ರ ಬರೀ ಮುಟ್ಟೂದು ಅಂತ ನರಕ್ಕ ಮತ್ತ ರೂಢಿ ಮಾಡಸಬೇಕು. ದಿನಾ ಸ್ವಲ್ಪ ಹೊತ್ತು, ಮೊದಲ ಮೆತ್ತನ್ನ ಮಲ್‌ಮಲ್ ಅರಿವಿಲೆ ಸವರಬೇಕು. ಛಲೋ ಇರೂ ಕಡಿಂದ ಸುರು ಮಾಡಿ, ನಿಧಾನಕ ಉರಿ ಇರೂ ಕಡೆ ಬರಬೇಕು. ತಾಳಿಕೊಳ್ಳುವಷ್ಟ. ಆಮ್ಯಾಲೆ ಒರಟ ಅರಿವಿ. ಪೂರಾ ಹೋಗತೈತಿ ಅಂತ ನಾ ಮಾತ ಕೊಡೂದಿಲ್ಲ. ಕಡಿಮಿ ಆಗತೈತಿ. ಬೆನ್ನಿಗೆ ನಿಮ್ಮ ಕೈ ಮುಟ್ಟೂದಿಲ್ಲ. ಅವ್ವಾರು ಮಾಡ್ತಾರಲ್ಲ?"

ಗುರುಬಸವ್ವ ತಲೆಯ ಮೇಲಿನ ಸೆರಗನ್ನು ಮುಂದಕ್ಕೆಳೆದುಕೊಂಡಳು. "ನನ್ನ ಕೈಲೆ ಆಗೂದಿಲ್ರಿ," ಎಂದಳು.

ಡಾಕ್ಟರ್ ಇಬ್ಬರನ್ನೂ ನೋಡಿ, ಬದಿಗಿಟ್ಟಿದ್ದ ಹತ್ತಿಯನ್ನು ಎತ್ತಿ ಬುಟ್ಟಿಗೆ ಹಾಕಿದ. ಹೊರಗೆ ಮುಂದಿನ ರೋಗಿ ಕೆಮ್ಮುತ್ತಿದ್ದ.

ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗಿನ್ನೂ ಹೊತ್ತಿತ್ತು. ಕಲ್ಲು ಕಟ್ಟೆಯ ಮೇಲೆ ನಡುವೆ ಚೀಲವಿಟ್ಟುಕೊಂಡು ಕೂತರು. ಡಾಕ್ಟರನ ಮುಂದೆ ಅವಳು ಹಾಗೆ ಹೇಳಬಾರದಿತ್ತು ಎಂಬ ಸಿಟ್ಟು ಅವನಲ್ಲಿ ಏಳಲು ನೋಡಿತು, ಏಳಲಾರದೆ ಕೂತಿತು. ಯಾವ ಮುಖದಿಂದ ಏಳಬೇಕು ಅದು. ಚಹಾದವ ಆಚೆ ಹಾದುಹೋಗುತ್ತಿದ್ದ. ಅವನನ್ನು ಕರೆಯಲು ಗಿರಿಮಲ್ಲಪ್ಪ ಬಲಗೈ ಎತ್ತಿದ. ಆಗ ಪಕ್ಕದಲ್ಲಿ ಏನೋ ಆಯಿತು. ಗುರುಬಸವ್ವನ ತಲೆ ಪಕ್ಕಕ್ಕೆ ವಾಲಿತ್ತು, ಮೊಳಕೈ ಕೆನ್ನೆಗೆ ಅಡ್ಡ ಬಂದಿತ್ತು, ಕಣ್ಣು ಮುಚ್ಚಿದ್ದವು. ಕಣ್ಣೆವೆ ಬಡಿಯುವಷ್ಟರಲ್ಲಿ ಅವಳು ಮತ್ತೆ ನೆಟ್ಟಗೆ ಕೂತು ಸೆರಗು ಸರಿಮಾಡಿಕೊಂಡಳು, ಅದಕ್ಕೇ ಕೈ ಎತ್ತಿದ್ದೆ ಎಂಬ ಹಾಗೆ. ಅವನ ಕೈ ಗಾಳಿಯಲ್ಲೇ ನಿಂತಿತು. ಇದನ್ನು ಅವನು ಮೊದಲೂ ಕಂಡಿದ್ದ. ಮೊದಲೂ, ಎಷ್ಟೋ ಸಲ. ಗೂಟದ ಮೇಲಿನ ಟೋಪಿಗೆ ಕೈ ಚಾಚಿದಾಗ ಅವಳು ಗೋಡೆಗೆ ಸರಿಯುತ್ತಿದ್ದಳು. ಚರಿಗೆ ಎತ್ತಿಕೊಳ್ಳಲು ಬಗ್ಗಿದಾಗ ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದಳು. ಅದನ್ನೆಲ್ಲ ಅವನು ಸಿಟ್ಟು ಎಂದುಕೊಂಡಿದ್ದ, ತನಗೆ ಕೊಡುವ ಶಿಕ್ಷೆ ಎಂದುಕೊಂಡಿದ್ದ. ಆ ಶಿಕ್ಷೆಯಲ್ಲಿ ಒಂದು ಬಗೆಯ ಸಮಾಧಾನವನ್ನೂ ಪಟ್ಟಿದ್ದ. ಕೈಯನ್ನು ನಿಧಾನವಾಗಿ ಇಳಿಸಿ ತೊಡೆಯ ಕೆಳಗಿಟ್ಟುಕೊಂಡ. ಚಹಾದವ ಹೋಗಿಬಿಟ್ಟ.

"ನಾ ಕೈ ಎತ್ತಿದ್ರ ನಿನಗ ಹಂಗ ಆಗತೈತೇನ?" ಎಂದ.

ಅವಳು ಎದುರಿನ ಬಸ್ಸಿನ ಗಾಲಿಗಳನ್ನು ನೋಡುತ್ತಿದ್ದಳು. "ನೀವು ಹೊಡಿಯೂದಿಲ್ಲಂತ ನನಗ ಗೊತ್ತೈತ್ರಿ. ಅವತ್ತೂ ನೀವು ಹೊಡದದ್ದಲ್ಲ, ಅದೂ ಗೊತ್ತೈತಿ. ಮೈಗೆ ಗೊತ್ತಿಲ್ಲ." ಸೆರಗಿನ ತುದಿ ಮಡಿಚುತ್ತ, "ಇಷ್ಟ ದಿನ ನನಗೇನೋ ಹುಚ್ಚ ಹಿಡದೈತಿ ಅನಕೊಂಡಿದ್ದೆ. ಡಾಕ್ಟರು ನಿಮಗ ಹೇಳಾಕತ್ತಾಗ ತಿಳೀತು" ಎಂದಳು.

"ಅವತ್ತ ನಾ ಆಡಿದ ಮಾತು, ಅದು ನಾನ ಆಡಿದ್ದು. ಮೈ ಆಡಿದ್ದಲ್ಲ."

"ಹೌದ್ರಿ. ಅದು ನೀವ ಆಡಿದ್ದು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ಬಂತು. ಬನಹಟ್ಟಿ ಹತ್ತಿರವಾದಾಗ ಅವಳು ಚೀಲದ ಬಾಯಿ ಬಿಗಿದಳು. "ನಾ ಇಲ್ಲೇ ಇಳೀತೇನ್ರಿ. ಅಣ್ಣನ ಮನ್ಯಾಗ ನಾಕ ದಿನ ಇರ್ತೇನಿ. ನಿಮಗ ರೊಟ್ಟಿ ಮಾಡಿ ಕೊಡಾಕ ಕೆಂಪವ್ವಗ ಹೇಳೇನಿ." ಬೆಳಗಿನಿಂದ ಗೊತ್ತಿದ್ದ ಮಾತು. ಆದರೂ ಅವನಿಗೆ ಇರು ಎನ್ನಬೇಕೆನಿಸಿತು. ಅವಳ ಸೆರಗನ್ನಾದರೂ ಹಿಡಿಯಬೇಕೆನಿಸಿತು. ಹಿಡಿಯಬೇಕೆಂದರೆ ಕೈ ಚಾಚಬೇಕು. "ಆತು," ಎಂದ. ಅವಳು ಇಳಿದ ಮೇಲೆ ಅವನ ಪಕ್ಕದಲ್ಲಿ ಯಾರೋ ಬಂದು ಕೂತರು. ಪಕ್ಕೆಗೆ ಮೊಳಕೈ ತಾಗಿತು. ಕಣ್ಣಲ್ಲಿ ಬಂದ ನೀರು ಯಾವುದರದೆಂದು ಅವನು ವಿಚಾರಿಸಲು ಹೋಗಲಿಲ್ಲ.

ನಾಲ್ಕು ದಿನ ಅಂದದ್ದು ಅಮಾವಾಸ್ಯೆ ದಾಟಿತು. ಗುಳಿಗೆಯಿಂದ ನಿದ್ದೆ ಬರುತ್ತಿತ್ತು. ಉರಿಯ ಕಾವು ಒಂದಿಷ್ಟು ತಗ್ಗಿದ ಹಾಗಿತ್ತು. ಅಂಗಡಿಯಿಂದ ಮಲ್‌ಮಲ್ಲಿನ ತುಂಡೊಂದನ್ನು ತಂದು ಅವನು ಕನ್ನಡಿಯ ಮುಂದೆ ಎದೆಯ ಮೇಲೆ ತಾನೇ ಸವರಿಕೊಂಡ. ಬೆನ್ನಿಗೆ ಕೈ ಹೋಗಲಿಲ್ಲ. ಅರಿವೆಯನ್ನು ಅಳತೆಕೋಲಿನ ತುದಿಗೆ ಸುತ್ತಿ ಹಿಂದಕ್ಕೆ ಹಾಯಿಸಿದ. ಕೋಲಿನ ಕಬ್ಬಿಣದಂಚು ತಾಗಿ ನೆಲಕ್ಕೆ ಕೂತುಬಿಟ್ಟ. ರೊಟ್ಟಿ ತಂದಿದ್ದ ನೆರೆಮನೆಯ ಕೆಂಪವ್ವ ಬಾಗಿಲಲ್ಲಿ ನಿಂತು ನೋಡಿ, ಏನೂ ಕಾಣದವರ ಹಾಗೆ ಬುಟ್ಟಿ ಇಟ್ಟು ಹೋದಳು. ಬೇಕಾದದ್ದು ಉರಿ ಹೋಗುವುದಲ್ಲ ಎಂಬುದು ಆ ಹೊತ್ತು ಅವನಿಗೆ ಹೊಳೆಯಿತು. ಉರಿ ಹೋಗಿ ಅವಳು ಬಾರದಿದ್ದರೆ ಈ ಮೈಯನ್ನು ಇಟ್ಟುಕೊಂಡು ಏನು ಮಾಡುವುದು? ಅಷ್ಟು ವರ್ಷದ ಸಂಸಾರದಲ್ಲಿ ಇಂಥ ಹಂಬಲ ಅವನಿಗೆ ಒಮ್ಮೆಯೂ ಹುಟ್ಟಿರಲಿಲ್ಲ. ಅಥವಾ ಹುಟ್ಟುವ ಮೊದಲೇ ಅವಳ ಕೈ ಅದನ್ನು ತೀರಿಸಿಬಿಡುತ್ತಿತ್ತು. ಸೋಮವಾರ ಮಧ್ಯಾಹ್ನ ಟೋಪಿ ಹಾಕಿಕೊಂಡು ಬನಹಟ್ಟಿಯ ಬಸ್ಸು ಹತ್ತಿದ.

ಗುರುಬಸವ್ವನ ಅಣ್ಣ ಶಿವಯೋಗೆಪ್ಪ ಪಡಸಾಲೆಯಲ್ಲಿ ಪವರ್‌ಲೂಮಿನ ಮುಂದೆ ನಿಂತಿದ್ದ. ತಂಗಿಯ ಗಂಡನನ್ನು ಕಂಡು ಮಗ್ಗ ನಿಲ್ಲಿಸಲು ಹೋದಾಗ ಗಿರಿಮಲ್ಲಪ್ಪ ಬೇಡವೆಂದು ತಲೆಯಾಡಿಸಿದ. ಎರಡೂ ಕೈಗಳನ್ನು ಅವನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಹಾಗೆ ಕಟ್ಟಿಕೊಂಡರೆ ಅಂಗಿ ಪಕ್ಕೆಗೆ ಬಿಗಿದು ಉರಿಯುತ್ತಿತ್ತು. ಗುರುಬಸವ್ವ ಒಳಗಿನಿಂದ ಬಂದು, ಆ ಬಿಗಿದ ಅಂಗಿಯನ್ನೂ ಹಿಂದೆ ಕಟ್ಟಿದ ಕೈಗಳನ್ನೂ ನೋಡಿ ನಿಂತಳು.

"ಕರಕೊಂಡ ಹೋಗಾಕ ಬಂದಿಲ್ಲ. ನೋಡಾಕ ಬಂದೇನಿ," ಎಂದ ಅವನು.

ಅವಳು ನೀರು ತಂದಳು. "ಚರಿಗಿ ತಗೋತೇನಿ," ಎಂದು ಹೇಳಿ, ಸ್ವಲ್ಪ ತಡೆದು, ಕೈಯನ್ನು ಹಿಂದಿನಿಂದ ಮುಂದೆ ತಂದ. ಕುಡಿದು, "ಕೆಳಗ ಇಡ್ತೇನಿ" ಎಂದು ಹೇಳಿ ಇಟ್ಟ. ಶಿವಯೋಗೆಪ್ಪ ಈ ಮನುಷ್ಯನಿಗೆ ಏನಾಯಿತು ಎಂಬಂತೆ ನೋಡಿದ. ಗುರುಬಸವ್ವನ ತುಟಿಯ ಒಂದು ಕೊನೆ ಮಾತ್ರ ಅಲುಗಿತು. "ಹಂಗ ಪ್ರತಿಯೊಂದಕ್ಕೂ ಹೇಳ್ತೀರೇನು?"

"ರೂಢಿ ಆಗೂತನಕ."

"ಊರಾಗ ಮಂದಿ ನಗತಾರ."

"ನಗಲಿ."

ಅವಳು ಏನೋ ಲೆಕ್ಕ ಹಾಕುವವಳ ಹಾಗೆ ಚರಿಗೆಯನ್ನು ನೋಡುತ್ತ ನಿಂತಳು. ಆಮೇಲೆ, "ಹಿತ್ತಲಕ್ಕ ಬರ್ರಿ. ಇಲ್ಲಿ ಸಪ್ಪಳ ಬಾಳ," ಎಂದಳು.

ಹಿತ್ತಲಲ್ಲಿ ಬಣ್ಣದ ನೂಲಿನ ಲಡಿಗಳು ಗಳುವಿನ ಮೇಲೆ ಒಣಗುತ್ತಿದ್ದವು. ಇಳಿಬಿಸಿಲು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವನು ಅವಳಿಗೆ ಬೆನ್ನು ಮಾಡಿ ಕೂತು ಅಂಗಿ ಬಿಚ್ಚಿದ. ಕೈಗಳನ್ನು ಮೊಳಕಾಲುಗಳ ನಡುವೆ ಒತ್ತಿ ಹಿಡಿದ. ಅವಳು ಹಿಂದೆ ನಿಂತು ಬಹಳ ಹೊತ್ತು ಮುಂದೆ ಬರಲಿಲ್ಲ. ಅವಳ ಉಸಿರಾಟ ಕೇಳುತ್ತಿತ್ತು. ಓಡಿ ಬಂದವಳ ಉಸಿರು. ಅವಳೂ ಅಂಜುತ್ತಿದ್ದಾಳೆ, ತಾನೂ ಅಂಜುತ್ತಿದ್ದೇನೆ. ಈ ಅಂಜಿಕೆಗಳೆರಡೂ ಒಂದನ್ನೊಂದು ನೋಡುತ್ತ ನಿಂತಿವೆ ಎಂದು ಅವನಿಗೆ ಅನಿಸಿತು. ತಿರುಗಿ ನೋಡಲಿಲ್ಲ.

"ಎಲ್ಲಿಂದ ಸುರು ಮಾಡ್ಲಿ?"

"ಛಲೋ ಇರೂ ಕಡಿಂದ ಅಂದಾರಲ್ಲ."

ಬಲಹೆಗಲ ಮೇಲೆ ಹಳೆಯ ಸೀರೆಯ ತುಂಡೊಂದು ಬಂದು ಕೂತಿತು. ಒಗೆದು ಒಗೆದು ಸವೆದ, ನೂಲೆಲ್ಲ ಮೆತ್ತಗಾದ ಅರಿವೆ. ಅದರ ಹಿಂದೆ ಅವಳ ಬೆರಳು. ಅವು ಹೆಗಲಿನಿಂದ ಕೆಳಗಿಳಿದವು, ಮತ್ತೆ ಮೇಲೇರಿದವು. ಇಲ್ಲಿ ಎಂದೂ ಗುಳ್ಳೆ ಎದ್ದಿರಲಿಲ್ಲ, ಎಂದೂ ಉರಿದಿರಲಿಲ್ಲ. ಆದರೆ ಎಡಗಡೆ ಮುಟ್ಟಬಾರದೆಂದಾದ ದಿನದಿಂದ ಬಲಗಡೆಯನ್ನೂ ಯಾರೂ ಮುಟ್ಟಿರಲಿಲ್ಲ. ಅದು ತನಗೂ ಮರೆತೇ ಹೋಗಿತ್ತು. ಅವನ ಬೆನ್ನು ಒಮ್ಮೆ ಬಿಕ್ಕಿತು. ಮತ್ತೊಮ್ಮೆ.

ಕೈ ನಿಂತಿತು. "ಉರೀತೇನ್ರಿ?"

"ಇಲ್ಲ."

"ಮತ್ತ?"

ಅವನು ತಲೆ ಬಗ್ಗಿಸಿ, "ಸ್ವಲ್ಪ ಹೊತ್ತು ಅಲ್ಲೇ ಇರ್ಲಿ," ಎಂದ. ಹಿಂದೆ ಗುರುಬಸವ್ವ ಅರಿವೆಯನ್ನು ಕಲ್ಲಿನ ಮೇಲಿಟ್ಟದ್ದು ಅವನಿಗೆ ತಿಳಿಯಿತು. ಆಮೇಲೆ ಅವಳ ಬರಿಗೈ, ಒರಟು ಬೆರಳುಗಳ ಸಮೇತ, ಬಂದು ಅಲ್ಲಿ ಕೂತಿತು. ಎಡಗಡೆಗೆ ಹೋಗಲು ಇಬ್ಬರಿಗೂ ಅವಸರವಿರಲಿಲ್ಲ.